ನಿಘಂಟಿನ ನಾಲ್ಕು ಪದಗಳು, ಕಾನಿನ ವಿಚಿತ್ರ ಸಸ್ಯಗಳು

ಯಲ್ಲಾಪುರ ತಾಲೂಕಿನ ಚಂದಗುಳಿಗೆ ಬರುವ ಯಾತ್ರಿಕನ ಕಿವಿಗೆ ಮೊದಲು ಬೀಳುವುದು ಗಂಟೆಯ ನಾದ. ಹರಕೆ ತೀರಿದ ಭಕ್ತರು ಒಪ್ಪಿಸಿದ ಗಂಟೆಗಳಿಂದಲೇ ಅಲ್ಲಿಯ ವಿನಾಯಕನಿಗೆ ಘಂಟೆ ಗಣಪತಿಯೆಂಬ ಹೆಸರು ಬಂದಿದೆ. ಸುತ್ತಣ ಕಾಡು ಮಾತ್ರ ಮೌನವಾಗಿ ನಿಂತಿರುತ್ತದೆ. ದರ್ಶನ ಮುಗಿಸಿದವರು ಆ ಹಸುರಿನತ್ತ ಒಮ್ಮೆ ಕಣ್ಣು ಹಾಯಿಸಿ, ಎಲ್ಲವೂ ಮರಗಳೇ ಎಂದುಕೊಂಡು ಹಿಂದಿರುಗುವುದುಂಟು. ಅವರೇ ಸಚಿತ್ರ ಪುಸ್ತಕವೊಂದರಲ್ಲಿ ಆಫ್ರಿಕದ ನಮೀಬ್ ಮರುಭೂಮಿಯ ವೆಲ್ವಿಚಿಯಾ ಗಿಡವನ್ನು ಕಂಡರೆ ಬೆರಗಾಗುತ್ತಾರೆ. ಬೀಜದೆಲೆಗಳು ಹೋದ ಬಳಿಕ ಆ ಗಿಡಕ್ಕೆ ಜೀವಮಾನದಲ್ಲಿ ಇರುವುದು ಎರಡೇ ಎಲೆಗಳು. ಅವನ್ನೇ ಬೆಳೆಸುತ್ತ ಅದು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಬಲ್ಲದು. ಬೆರಗು ಯುಕ್ತವೇ. ಆದರೆ ಸೃಷ್ಟಿವೈಚಿತ್ರ್ಯವು ದೂರದೇಶದ ಸೊತ್ತೇನೂ ಅಲ್ಲ. ಸಹ್ಯಾದ್ರಿಯ ಕಾನುಗಳಲ್ಲಿಯೂ ಅದಕ್ಕೆ ಕೊರತೆಯಿಲ್ಲ.

ಅದನ್ನು ಕಾಣಲು ಹಳೆಯ ವಿದ್ಯೆಯೊಂದು ನೆರವಾಗುತ್ತದೆ. ಅಮರಕೋಶವನ್ನು ಕಂಠಪಾಠ ಮಾಡಿದ ಹಿಂದಿನ ಪಾಠಶಾಲೆಗಳ ವಿದ್ಯಾರ್ಥಿಗಳಿಗೆ ಸಸ್ಯವಾಚಕ ಪದಗಳು ನಾಲಗೆಯ ತುದಿಯಲ್ಲಿದ್ದವು. ಅವುಗಳಲ್ಲಿ ಅನೇಕವು ಬರಿಯ ಹೆಸರುಗಳಲ್ಲ. ಒಂದೊಂದರಲ್ಲಿಯೂ ಒಂದು ಲಕ್ಷಣವು ಅಡಗಿದೆ. ಪಾದಪ, ವನಸ್ಪತಿ, ವೃಕ್ಷಾದನೀ, ಓಷಧಿ ಎಂಬ ನಾಲ್ಕು ಪದಗಳನ್ನು ಕೈದೀವಿಗೆಯಾಗಿ ಹಿಡಿದು ಕಾಡನ್ನು ಹೊಕ್ಕರೆ ಏನೇನು ಕಾಣುವುದೆಂಬುದನ್ನು ನೋಡಬಹುದು.

ಪಾದಪವೆಂದರೆ ಪಾದದಿಂದ ಕುಡಿಯುವುದು. ಬೇರೇ ಮರದ ಪಾದ. ನೀರು, ಲವಣಗಳೆಲ್ಲ ಅಲ್ಲಿಂದಲೇ ಮೇಲೇರಬೇಕು. ಈ ಲಕ್ಷಣಕ್ಕೆ ಹೊರಗೆಂಬಂತೆ ಬಾಳುವ ಚಿಕ್ಕ ಗಿಡಗಳು ಮಳೆಗಾಲದಲ್ಲಿ ಘಟ್ಟದ ಮೇಲಣ, ಕರಾವಳಿಯ ಚಿರೇಕಲ್ಲಿನ ಬಯಲುಗಳಲ್ಲಿ ತಲೆಯೆತ್ತುತ್ತವೆ. ಆ ನೆಲದಲ್ಲಿ ನೀರಿಗೆ ಬರವಿಲ್ಲ, ಸಾರಜನಕಕ್ಕೆ ಬರ. ಆದುದರಿಂದ ಡ್ರಾಸಿರಾ ಎಂಬ ಗಿಡವು ನೆಲದಲ್ಲಿ ದೊರೆಯದ್ದನ್ನು ಗಾಳಿಯಲ್ಲಿ ಹುಡುಕುತ್ತದೆ. ಅದರ ಎಲೆಯ ತುಂಬ ಕೆಂಪು ರೋಮಗಳು. ಪ್ರತಿ ರೋಮದ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟಿನ ಹನಿ. ಮೋಸಹೋಗಿ ಬಂದು ಕುಳಿತ ಕೀಟವು ಅಂಟಿಕೊಳ್ಳುತ್ತದೆ, ರೋಮಗಳು ಅದರತ್ತ ಬಾಗುತ್ತವೆ, ಎಲೆಯೇ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಅದರ ನೆರೆಯಲ್ಲಿಯೇ ಪುಟ್ಟ ನೀಲಿ ಹೂಗಳನ್ನು ಹೊತ್ತು ನಿಲ್ಲುವ ಯುಟ್ರಿಕ್ಯುಲೇರಿಯಾಕ್ಕಂತೂ ನಿಜವಾದ ಬೇರೇ ಇಲ್ಲ. ಒದ್ದೆ ಮಣ್ಣಿನೊಳಗೆ ಅದು ಸೂಕ್ಷ್ಮವಾದ ಚೀಲಗಳನ್ನು ಹರಡಿರುತ್ತದೆ. ನೀರಿನ ಕ್ಷುದ್ರಜೀವಿ ಬಾಗಿಲಿನ ರೋಮವನ್ನು ಸೋಕಿದೊಡನೆ ಚೀಲ ತೆರೆದು, ಕಣ್ಣೆವೆಯಿಕ್ಕುವುದರೊಳಗೆ ಅದನ್ನು ಒಳಗೆಳೆದುಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ನನು ವರ್ಷಗಟ್ಟಲೆ ಪ್ರಯೋಗ ನಡೆಸಿ 1875ರಲ್ಲಿ ಪ್ರಕಟಿಸಿದ ಗ್ರಂಥವೊಂದು ಇಂತಹ ಕೀಟಾಹಾರಿ ಸಸ್ಯಗಳನ್ನೇ ಕುರಿತದ್ದು.

ಪಾದದಿಂದ ಕುಡಿಯುವುದಷ್ಟೇ ಅಲ್ಲ, ಪಾದದಿಂದ ಉಸಿರಾಡುವ ಮರಗಳೂ ಉಂಟು. ಅವನ್ನು ಕಾಣಬೇಕಾದರೆ ಚಂದಗುಳಿಯಿಂದ ಶಿರಸಿ, ಸಿದ್ದಾಪುರಗಳನ್ನು ಹಾದು ತೆಂಕಣಕ್ಕೆ ಹೋಗಬೇಕು. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಹಾದಿಯ ಬಳಿ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇದೆ. ಹಗಲಲ್ಲಿಯೂ ಬೆಳಕು ನೆಲಮುಟ್ಟದ ನಿತ್ಯಹರಿದ್ವರ್ಣದ ಕಾಡಿಗೆ ಇದಕ್ಕಿಂತ ಅನ್ವರ್ಥವಾದ ಹೆಸರಿಲ್ಲ. ಅದರೊಳಗಿನ ತಗ್ಗುಗಳಲ್ಲಿ ವರ್ಷವಿಡೀ ನೀರು ನಿಂತು ಜಿನುಗುವ ಜೌಗುನೆಲವುಂಟು. ಜನರು ಅದನ್ನು ಜಡ್ಡಿ ಎನ್ನುತ್ತಾರೆ. ಅಲ್ಲಿ ಬೆಳೆದಿರುವುದು ಜಾಯಿಕಾಯಿ, ರಾಮಪತ್ರೆಗಳ ಕುಟುಂಬಕ್ಕೆ ಸೇರಿದ ಮರಗಳು. ಕೆಸರಿನಲ್ಲಿ ಹೂತ ಬೇರಿಗೆ ಗಾಳಿ ದೊರೆಯದು. ಆದುದರಿಂದ ಜಿಮ್ನಕ್ರಾಂಥೆರಾ ಎಂಬ ಮರದ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು, ಗಾಳಿ ಹೀರಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬುದು ಕಾಂಡದಿಂದಲೇ ಸುತ್ತಲೂ ಬೇರುಗಳನ್ನು ಇಳಿಬಿಟ್ಟು, ಊರುಗೋಲುಗಳ ಮೇಲೆ ನಿಂತ ಮುದುಕನಂತೆ ತೋರುತ್ತದೆ. ಮೊದಲ ಬಾರಿಗೆ ಕಂಡವರಿಗೆ ಇದು ವಿಕಾರವೆನ್ನಿಸಬಹುದು. ವಾಸ್ತವವಾಗಿ ಇದು ವಿಕಾರವಲ್ಲ, ಉತ್ತರ. ನೆಲವು ಒಡ್ಡಿದ ಪ್ರಶ್ನೆಗೆ ಮರವು ತನ್ನ ದೇಹದಿಂದಲೇ ಕೊಟ್ಟ ಉತ್ತರ.

ಪ್ರಶ್ನೆಯಿಲ್ಲದೆಡೆ ಈ ಉತ್ತರಕ್ಕೆ ಬೆಲೆಯಿಲ್ಲ. ಈ ಮರಗಳ ಬೀಜಗಳು ಒಣಗಿದರೆ ಬಹುಬೇಗ ಸತ್ತ್ವಗೆಡುತ್ತವೆ. ಭತ್ತ, ರಾಗಿಗಳಂತೆ ಕಣಜದಲ್ಲಿ ಇರಿಸಿಕೊಳ್ಳಲು ಬಾರವು. ತಂಪು, ನೆರಳು, ತೇವ ಮೂರೂ ಕೂಡಿದಲ್ಲಿಯೇ ಅವಕ್ಕೆ ಬಾಳು. ಆದರೆ ಅಂತಹ ತಗ್ಗುಗಳೇ ಗದ್ದೆಗೂ ಅಡಕೆ ತೋಟಕ್ಕೂ ಒಪ್ಪುವ ನೆಲಗಳಾದ್ದರಿಂದ ಕಾಲಕ್ರಮದಲ್ಲಿ ಅನೇಕ ಜಡ್ಡಿಗಳು ಅಳಿದವು. ಉಳಿದ ಜಡ್ಡಿಗಳ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಗೇರಿನ ಜಾತಿಗೆ ಸೇರಿದ, ಅದುವರೆಗೆ ಶಾಸ್ತ್ರಜ್ಞರು ಅರಿಯದಿದ್ದ ಮರವೊಂದನ್ನು 2000ದಲ್ಲಿ ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಅದರ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕನ್ನಡದ ಕತ್ತಲೆಯೂ ಕಾನೂ ಹೀಗೆ ಲೋಕದ ಸಸ್ಯಶಾಸ್ತ್ರವನ್ನು ಸೇರಿದವು. ಆದರೆ ಮರವು ಅತ್ಯಂತ ವಿರಳ; ಅಳಿವಿನ ಅಂಚಿನಲ್ಲಿರುವವುಗಳ ಸಾಲಿನಲ್ಲಿಯೇ ಅದನ್ನು ಎಣಿಸಲಾಗಿದೆ.

ಎರಡನೆಯ ಪದ ವನಸ್ಪತಿ. ಇಂದು ಇದನ್ನು ಸಸ್ಯಮಾತ್ರಕ್ಕೆ ಬಳಸುವುದುಂಟಾದರೂ ಕೋಶಕಾರನ ಲಕ್ಷಣ ಖಚಿತವಾದುದು: ಹೂ ಕಾಣಿಸದೆ ಹಣ್ಣು ಬಿಡುವ ಮರವೇ ವನಸ್ಪತಿ. ಅತ್ತಿ, ಆಲ, ಬಸರಿ, ಗೋಳಿಗಳು ಈ ವರ್ಗದವು. ಇವುಗಳಿಗೆ ಹೂ ಇಲ್ಲವೆಂದಲ್ಲ. ನಾವು ಕಾಯಿ ಎಂದುಕೊಳ್ಳುವ ಗುಂಡಿನ ಒಳಮೈಯಲ್ಲಿಯೇ ನೂರಾರು ಹೂಗಳು ಅಡಗಿರುತ್ತವೆ. ಅದರ ಕಿರುದ್ವಾರದಿಂದ ಒಳಹೊಕ್ಕು ಪರಾಗಸ್ಪರ್ಶ ಮಾಡಬಲ್ಲುದು ಒಂದು ಅತಿ ಸಣ್ಣ ಕಣಜ ಮಾತ್ರ. ಬಹುಮಟ್ಟಿಗೆ ಒಂದೊಂದು ಬಗೆಯ ಅತ್ತಿಗೂ ಅದರದೇ ಆದ ಕಣಜವುಂಟು. ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಸಂತಾನವಿಲ್ಲ.

ವೃಕ್ಷಾದನೀ ಎಂದರೆ ಮರವನ್ನು ತಿನ್ನುವುದು; ಕನ್ನಡದ ಬಂದಳಿಕೆ. ಹಕ್ಕಿಯ ಮೂಲಕ ಬಂದ ಅಂಟುಬೀಜವು ಮಾವಿನ ಕೊಂಬೆಯ ಮೇಲೆ ಮೊಳೆತು, ತನ್ನ ಬೇರನ್ನು ಮಣ್ಣಿಗಲ್ಲ, ಮರದ ಮೈಯೊಳಗೇ ಇಳಿಸುತ್ತದೆ. ಆದರೂ ಬಂದಳಿಕೆಗೆ ಹಸುರೆಲೆಯುಂಟು. ನೀರನ್ನು ಕದ್ದರೂ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಈ ಲಕ್ಷಣದ ಪರಾಕಾಷ್ಠೆ ಸುಮಾತ್ರದ ಕಾಡಿನ ರಾಫ್ಲೇಸಿಯಾ. 1818ರಲ್ಲಿ ಐರೋಪ್ಯರ ಕಣ್ಣಿಗೆ ಬಿದ್ದ ಆ ಸಸ್ಯಕ್ಕೆ ಎಲೆಯಿಲ್ಲ, ಕಾಂಡವಿಲ್ಲ, ಬೇರಿಲ್ಲ. ದ್ರಾಕ್ಷಿಯ ಕುಟುಂಬದ ಬಳ್ಳಿಯೊಂದರೊಳಗೆ ನೂಲಿನಂತೆ ಅಡಗಿದ್ದು, ಹೂ ಬಿಡುವಾಗ ಮಾತ್ರ ಹೊರಬರುತ್ತದೆ. ಆ ಹೂವಿನ ಅಗಲವೋ ಸುಮಾರು 1 ಮೀಟರು! ಕೊಳೆತ ಮಾಂಸದ ದುರ್ಗಂಧದಿಂದ ಅದು ನೊಣಗಳನ್ನು ಕರೆಯುತ್ತದೆ. ಇದೇ ಉಪಾಯವನ್ನು ಹಿತ್ತಿಲ ಸುವರ್ಣಗಡ್ಡೆಯೂ ಬಲ್ಲದು. ಅದರ ಹೂ ಅರಳಿದ ದಿನ ಇಲಿ ಸತ್ತಿದೆಯೆಂದು ಮನೆಯವರು ಮೂಲೆಮೂಲೆ ಹುಡುಕಿದರೂ ಆಶ್ಚರ್ಯವಿಲ್ಲ.

ಕೊನೆಯದು ಓಷಧಿ. ಹಣ್ಣಾದೊಡನೆ ಮುಗಿಯುವ ಸಸ್ಯಕ್ಕೆ ಈ ಹೆಸರು. ಭತ್ತ, ಜೋಳಗಳು ಇದಕ್ಕೆ ಉದಾಹರಣೆ. ಈ ಲಕ್ಷಣವನ್ನು ಅಕ್ಷರಶಃ ಹಿಡಿದರೆ ಮುಗಿಲೆತ್ತರದ ಬಿದಿರೂ ಓಷಧಿಯೇ. ಹಲವು ದಶಕಗಳಿಗೊಮ್ಮೆ ಹಿಂಡುಹಿಂಡೇ ಹೂಬಿಟ್ಟು, ಅಕ್ಕಿ ಸುರಿಸಿ, ಒಣಗಿಹೋಗುತ್ತದೆ. ಬಿದಿರಕ್ಕಿಯು ಬಡವರ ಹೊಟ್ಟೆ ತುಂಬಿದ್ದುಂಟು. ಅದನ್ನು ತಿಂದು ಇಲಿಗಳು ಹೆಚ್ಚಿ, ಹೊಲಗದ್ದೆಗಳನ್ನು ಬರಿದುಮಾಡಿ, 1959ರಲ್ಲಿ ಮಿಜೋ ಬೆಟ್ಟಗಳಲ್ಲಿ ಕ್ಷಾಮ ತಲೆದೋರಿದ್ದೂ ಉಂಟು.

ಓಷಧಿಗಳಲ್ಲಿ ಮಹಾಕಾಯವೆಂದರೆ ಶ್ರೀತಾಳೆ. ಉತ್ತರ ಕನ್ನಡದಲ್ಲಿಯೂ ತೆಂಕಣ ಕರಾವಳಿಯಲ್ಲಿಯೂ ಅಲ್ಲಲ್ಲಿ ಕಾಣುವ ಈ ಮರವು 30 ರಿಂದ 80 ವರ್ಷಗಳವರೆಗೆ ಬರಿಯ ಗರಿಗಳನ್ನು ಬಿಡುತ್ತ ಸತ್ತ್ವವನ್ನು ಕೂಡಿಡುತ್ತದೆ. ಬಳಿಕ ಒಮ್ಮೆ, ಒಮ್ಮೆ ಮಾತ್ರ, ನೆತ್ತಿಯ ಮೇಲೆ ಲಕ್ಷಾಂತರ ಹೂಗಳ ಗೋಪುರವನ್ನೆತ್ತುತ್ತದೆ. ಕಾಯಿ ಬಲಿತು ಉದುರಲು ವರ್ಷದಷ್ಟು ಕಾಲ ಬೇಕು; ಉದುರಿದ ಮೇಲೆ ಮರವೂ ಉರುಳುತ್ತದೆ. ಆ ಹೂವನ್ನು ಅಪಶಕುನವೆಂದು ಬಗೆದು, ಕಾಯಿ ಬಲಿಯುವ ಮೊದಲೇ ಮರವನ್ನು ಕಡಿಯುವ ರೂಢಿಯೂ ಕರಾವಳಿಯಲ್ಲಿತ್ತು. ಜೀವಮಾನದ ಏಕೈಕ ಫಸಲನ್ನೇ ಕಡಿದಂತಾಗಿ ಸಂತತಿ ಕ್ಷೀಣಿಸಿತು.

ಅಕ್ಷರವಂತರಿಗೆ ಈ ಮರದ ಋಣವು ದೊಡ್ಡದು. ತಾಳೆಯ, ಶ್ರೀತಾಳೆಯ ಗರಿಗಳ ಮೇಲೆಯೇ ಕಂಠದಿಂದ ಕೊರೆದು, ಮಸಿ ಪೂಸಿ, ಹಿಂದಿನವರು ವಿದ್ಯೆಯನ್ನು ಉಳಿಸಿದರು. ಓಲೆಯೆಂಬ ಪದಕ್ಕೆ ಗರಿಯೆಂಬ ಅರ್ಥವೂ ಕಾಗದವೆಂಬ ಅರ್ಥವೂ ಒದಗಿದ್ದು ಹೀಗೆಯೇ. ಮಠಗಳಲ್ಲಿಯೂ ಮನೆಗಳ ಅಟ್ಟಗಳಲ್ಲಿಯೂ ಅಂತಹ ಕಟ್ಟುಗಳು ಉಳಿದುದರಿಂದಲೇ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತರುವುದು ಸಾಧ್ಯವಾಯಿತು. ಅಕ್ಷರವನ್ನು ಹೊತ್ತ ಮರವು ಅಕ್ಷರ ಬಲ್ಲವರ ಕಣ್ಣೆದುರಿನಲ್ಲಿಯೇ ವಿರಳವಾಗುವುದು ಶೋಭಿಸುವ ಸಂಗತಿಯಲ್ಲ.

ಈ ನಾಲ್ಕು ಪದಗಳೂ ಪಠ್ಯದಲ್ಲಿ ಉಳಿಯುತ್ತವೆ. ಪರೀಕ್ಷೆಯಲ್ಲಿ ಅರ್ಥ ಬರೆದು ಅಂಕ ಗಳಿಸುವವರೂ ಇರುತ್ತಾರೆ. ಆದರೆ ವಸ್ತುವಿಲ್ಲದ ಪದವು ನೀರಿಲ್ಲದ ಬಾವಿ. ಪಾದಪವನ್ನು ಕಲಿಸುವ ಗುರುಗಳು ಮಳೆಗಾಲದ ಒಂದು ದಿನ ಮಕ್ಕಳನ್ನು ಚಿರೇಕಲ್ಲಿನ ಬಯಲಿಗೆ ಕರೆದೊಯ್ದು, ಗಿಡವನ್ನು ಕೀಳದೆ, ಬಾಗಿ ನೋಡಲು ಕಲಿಸಿದರೆ ಆ ಪದಕ್ಕೆ ಜೀವ ಬರುತ್ತದೆ. ತೋಟದೊಡೆಯರಾದ ಹಳೆಯ ವಿದ್ಯಾರ್ಥಿಗಳು ತಮ್ಮ ಬೆಟ್ಟದಂಚಿನ ಜಡ್ಡಿಯನ್ನು ಬಸಿದು ಒಣಗಿಸದೆ ಬಿಟ್ಟರೆ ಕೆಳಗಿನ ಹಳ್ಳಕ್ಕೂ ಬೇಸಗೆಯಲ್ಲಿ ನೀರು ಉಳಿಯುತ್ತದೆ. ಸಸಿಯನ್ನು ಎಲ್ಲಿಯಾದರೂ ನೆಡಬಹುದು. ಜಡ್ಡಿಯನ್ನು ನೆಡಲು ಬಾರದು.

ಶ್ರೀತಾಳೆಯನ್ನಾದರೋ ನೆಡಬಹುದು. ಶಾಲೆಯ ಅಂಗಳದ ಒಂದು ಮೂಲೆ ಅದಕ್ಕೆ ಸಾಕು. ನೆಟ್ಟವರು ಅದರ ಹೂವನ್ನು ಕಾಣದೆಯೇ ಹೋಗಬಹುದು. ಅವರ ಮಕ್ಕಳ ಮಕ್ಕಳು ಅದೇ ಅಂಗಳದಲ್ಲಿ ನಿಂತು ಕಂಡಾರು. ವಿದ್ಯಾಲಯಕ್ಕೆ ಅಡಿಗಲ್ಲಿಟ್ಟವರ ಲೆಕ್ಕಾಚಾರವೂ ಇಂತಹುದೇ ಆಗಿರುತ್ತದೆ.