ಕಣ್ಣಿಲ್ಲದ ಸಾಕ್ಷಿಗಳು

ಬೇಸಾಯಕ್ಕೆ ಹೊಸದಾಗಿ ಇಳಿದಿದ್ದೀಯ, ಮಣ್ಣು ಪರೀಕ್ಷೆಯನ್ನೂ ಮಾಡಿಸಿದ್ದೀಯ. ಒಳ್ಳೆಯದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಬಾಬುಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಆಮೇಲೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಆ ಕಾರ್ಡನ್ನು ಜೋಪಾನವಾಗಿಡು, ಗೊಬ್ಬರದ ಅಂಗಡಿಗೆ ಹೋಗುವಾಗ ಜೇಬಿನಲ್ಲಿರಲಿ. ಆದರೆ ಆ ಹನ್ನೆರಡರಲ್ಲಿ ಜೀವವಿರುವ ಬಾಬು ಒಂದೂ ಇಲ್ಲ. ನಿನಗಿಂತ ಮೊದಲು ಆ ಹೊಲ ಮಾಡಿದವರು ಮಣ್ಣನ್ನು ಹೇಗೆ ನಡೆಸಿಕೊಂಡರು, ನೀನು ಈಗ ಹೇಗೆ ನಡೆಸಿಕೊಳ್ಳುತ್ತಿದ್ದೀಯ ಎಂಬುದನ್ನು ಹೇಳುವ ಸಾಕ್ಷಿಗಳು ಬೇರೆ ಇವೆ. ಅವನ್ನು ಕರೆದು ಕೇಳುವುದು ಹೇಗೆಂದು ಇಂದು ಹೇಳುತ್ತೇನೆ.

ಎರೆಹುಳುವಿನ ಮಾತಲ್ಲ ಇದು. ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಚಾರ್ಲ್ಸ್ ಡಾರ್ವಿನ್ 1881ರಲ್ಲೇ ಒಂದು ಇಡೀ ಪುಸ್ತಕ ಬರೆದು ಸಲ್ಲಿಸಿದ್ದಾನೆ. ನಾನು ಹೇಳುತ್ತಿರುವ ಜೀವಿಗಳು ಎಷ್ಟು ಸಣ್ಣವೆಂದರೆ ಬಹುಪಾಲು ರಾಗಿ ಕಾಳಿಗಿಂತಲೂ ಕಿರಿದು. ಅವುಗಳಲ್ಲಿ ಎರಡು ಕುಲಗಳನ್ನು ಗುರುತು ಹಿಡಿದರೆ ಸದ್ಯಕ್ಕೆ ಸಾಕು. ಒಂದು, ಸ್ಪ್ರಿಂಗ್‌ಟೇಲ್. ಹೊಟ್ಟೆಯ ಅಡಿಗೆ ಮಡಚಿಟ್ಟ ಕವಲುಬಾಲವೊಂದು ಅದಕ್ಕಿರುತ್ತದೆ. ಗಾಬರಿಯಾದರೆ ಬಾಲವನ್ನು ನೆಲಕ್ಕೆ ಬಡಿದು ಚಿಮ್ಮಿ ಮಾಯವಾಗುತ್ತದೆ. ಇನ್ನೊಂದು, ಮಣ್ಣಿನ ನುಸಿ. ನುಸಿ ಅಂದರೆ ನಮ್ಮ ತೆಂಗಿನ ಸೀಮೆಯವರು ಬೆಚ್ಚುತ್ತಾರೆ. 1998ರಲ್ಲಿ ಕೇರಳದಲ್ಲಿ ಕಂಡ ತೆಂಗಿನ ನುಸಿ ನಮ್ಮ ತೋಟಗಳಿಗೂ ಹಬ್ಬಿ ಕಾಯಿಗಳನ್ನು ಹಾಳು ಮಾಡಿದ್ದನ್ನು ಮರೆತವರಿಲ್ಲ. ಮಣ್ಣಿನ ನುಸಿಗಳಲ್ಲಿ ಹೆಚ್ಚಿನವು ಆ ದಾರಿಯವಲ್ಲ. ಮುಂಗಾರಿನ ಮೊದಲ ಮಳೆಗೆ ಹೊರಬಂದು ನೆಲದ ಮೇಲೆ ಓಡಾಡುವ ಕೆಂಪು ಮಖಮಲ್ಲಿನ ಹುಳು ನೋಡಿದ್ದೀಯಲ್ಲ, ಎಂಟು ಕಾಲಿನದು? ಅದೂ ನುಸಿಯೇ, ಆ ಕುಲದ ದೈತ್ಯ. ಉಳಿದವು ಕಣ್ಣಿಗೆ ಬೀಳದೆ ಮಣ್ಣೊಳಗೇ ಇರುತ್ತವೆ.

ಇವು ತರಗೆಲೆ ಜಗಿದು ಪುಡಿ ಮಾಡುತ್ತವೆ, ಶಿಲೀಂಧ್ರದ ಎಳೆಗಳನ್ನು ಮೇಯುತ್ತವೆ. ಮೇಯುವಾಗ ಶಿಲೀಂಧ್ರದೊಳಗೆ ಸೆರೆಯಾಗಿದ್ದ ಸಾರಜನಕದ ಒಂದು ಪಾಲು ಅಮೋನಿಯಂ ಆಗಿ ಹೊರಬಿದ್ದು ಬೆಳೆಯ ಬೇರಿಗೆ ಸಿಗುತ್ತದೆ. ಕೆಲವು ನುಸಿಗಳು ಬೇಟೆಗಾರರು. ಜಂತುಹುಳುಗಳನ್ನೂ ಸ್ಪ್ರಿಂಗ್‌ಟೇಲುಗಳನ್ನೂ ತಿಂದು ಹತೋಟಿಯಲ್ಲಿಡುತ್ತವೆ. ಆರೋಗ್ಯದ ಮಣ್ಣಿನ ಒಂದು ಚದರ ಮೀಟರಿನಲ್ಲಿ ಸ್ಪ್ರಿಂಗ್‌ಟೇಲುಗಳೇ ಹತ್ತಾರು ಸಾವಿರ ಇರಬಹುದು.

ಇಷ್ಟು ಜೀವಿಗಳಿದ್ದೂ ತಮಗೆ ಬೇಕಾದ ಬಿಲವನ್ನು ತಾವೇ ತೋಡುವ ಶಕ್ತಿ ಇವುಗಳಲ್ಲಿ ಹೆಚ್ಚಿನವಕ್ಕಿಲ್ಲ. ಬೇರು ಕೊಳೆತು ಉಳಿದ ಕೊಳವೆ, ಎರೆಹುಳು ಕೊರೆದ ದಾರಿ, ಮಣ್ಣಿನ ಹರಳುಗಳ ನಡುವಿನ ಸಂದು, ಇವೇ ಅವುಗಳ ವಾಸ. ಹಸಿ ನೆಲದ ಮೇಲೆ ಟ್ರ್ಯಾಕ್ಟರ್ ಓಡಿಸಿ ಮಣ್ಣು ಗಟ್ಟಿಸಿದರೆ ಅವಕ್ಕೆ ಇರಲು ಎಡೆಯೇ ಇಲ್ಲ. ಓಡಿಹೋಗಲೂ ಆಗದು, ಅಡಗಲೂ ಆಗದು. ಸಾಕ್ಷಿಯಾಗಿ ನಂಬಬಹುದಾದದ್ದು ಅದಕ್ಕೇ.

ಈಗ ಮುಖ್ಯವಾದ ಮಾತು. ಎಲ್ಲ ಸಾಕ್ಷಿಗೂ ಒಂದೇ ತೂಕವಿಲ್ಲ. ಮಣ್ಣಿನ ಮೇಲ್ಪದರದಲ್ಲಿ, ದರಗಿನ ನಡುವೆ ಬದುಕುವ ಸ್ಪ್ರಿಂಗ್‌ಟೇಲಿಗೆ ಮೈಬಣ್ಣವಿದೆ, ಕಣ್ಣಿದೆ, ಉದ್ದ ಮೀಸೆಯಿದೆ, ಗಟ್ಟಿ ಬಾಲವಿದೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಬಂದು ಸೇರಿಕೊಳ್ಳುತ್ತದೆ. ಆಳದಲ್ಲಿ ಬದುಕುವುದು ಬಿಳುಚಿಕೊಂಡಿರುತ್ತದೆ. ಕಣ್ಣಿಲ್ಲ, ಮೀಸೆ ಗಿಡ್ಡ, ಬಾಲ ಮೊಟಕು, ಇಲ್ಲವೇ ಬಾಲವೇ ಇಲ್ಲ. ಅದು ಒಮ್ಮೆ ಹೋದರೆ ಬೇಗ ಮರಳುವುದಿಲ್ಲ. ಗಟ್ಟಿ ಚಿಪ್ಪಿನ ಒರಿಬ್ಯಾಟಿಡ್ ನುಸಿಗಳದ್ದೂ ಅದೇ ಕಥೆ: ಮೊಟ್ಟೆ ಕಡಿಮೆ, ಒಂದು ತಲೆಮಾರು ಮುಗಿಯಲು ಹಲವಕ್ಕೆ ತಿಂಗಳುಗಟ್ಟಲೆ ಬೇಕು. ಇಂಥವು ನಿನ್ನ ಹೊಲದಲ್ಲಿ ಸಿಕ್ಕರೆ, ಆ ಮಣ್ಣು ಬಹಳ ಕಾಲದಿಂದ ಹೆಚ್ಚು ಪೆಟ್ಟು ತಿಂದಿಲ್ಲ ಎಂದು ಅರ್ಥ. ಇಟಲಿಯ ಪಾರ್ಮಾದ ವಿಜ್ಞಾನಿ ವಿಟ್ಟೋರಿಯೊ ಪಾರಿಸಿ 2001ರಲ್ಲಿ ಈ ತಿಳಿವಳಿಕೆಯನ್ನೇ ಒಂದು ಅಳತೆಯಾಗಿಸಿದರು. ಮಣ್ಣಿನ ಬದುಕಿಗೆ ಎಷ್ಟು ಒಗ್ಗಿಕೊಂಡಿದೆ ಎಂಬುದರ ಮೇಲೆ ಪ್ರತಿ ಗುಂಪಿಗೂ 1ರಿಂದ 20ರವರೆಗೆ ಅಂಕ. ಎಲ್ಲ ಗುಂಪಿನ ಅಂಕ ಕೂಡಿದರೆ ಆ ಮಣ್ಣಿನ ಗುಣ. ಒಂದು ಗುಂಪಿನಲ್ಲಿ ಎಷ್ಟು ತಲೆಗಳಿವೆ ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ತಲೆ ಎಣಿಸಿದರೆ ಮೋಸಹೋಗುತ್ತೀಯ ಎಂಬುದಕ್ಕೆ ಹಳೆಯ ಉದಾಹರಣೆಯಿದೆ. ಇಂಗ್ಲೆಂಡಿನ ಹೊಲಗಳಲ್ಲಿ ಡಿಡಿಟಿ ಬಳಸಿ ನೋಡಿದಾಗ ಸ್ಪ್ರಿಂಗ್‌ಟೇಲುಗಳು ಕಡಿಮೆಯಾಗುವ ಬದಲು ಹೆಚ್ಚಾದವು. ಅವನ್ನು ತಿನ್ನುವ ನುಸಿಗಳು ವಿಷಕ್ಕೆ ಸತ್ತಿದ್ದವು, ಅಷ್ಟೇ. ಹಸಿ ಗೊಬ್ಬರ ಸುರಿದ ಕಡೆಯೂ ಹಾಗೇ: ಒಂದೆರಡು ಜಾತಿ ಒಮ್ಮೆಲೇ ಉಕ್ಕುತ್ತವೆ. ಅದನ್ನು ಕಂಡು ಹಿಗ್ಗಬೇಡ. ಎಷ್ಟು ಬಗೆ ಇವೆ, ಅವುಗಳಲ್ಲಿ ಕಣ್ಣಿಲ್ಲದ ಬಿಳಿಯವು ಇವೆಯೇ ಎಂದು ನೋಡು.

ನೋಡುವ ವಿಧಾನ ಸುಲಭ. 1905ರಲ್ಲಿ ಆಂಟೋನಿಯೊ ಬರ್ಲೀಸ್ ಎಂಬ ಇಟಲಿಯ ಕೀಟಶಾಸ್ತ್ರಜ್ಞ ಲಾಳಿಕೆಯೊಂದನ್ನು ಮಾಡಿದ. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದರ ಮೇಲೆ ವಿದ್ಯುತ್ ಬಲ್ಬು ತೂಗಿಸಿದ. ನೀನು ಎರಡು ಲೀಟರಿನ ನೀರಿನ ಬಾಟಲಿ ಕತ್ತರಿಸಿ ಮೇಲಿನ ಭಾಗವನ್ನು ತಲೆಕೆಳಗಾಗಿ ಕೂರಿಸು. ಕತ್ತಿನಲ್ಲಿ ಸೊಳ್ಳೆಪರದೆಯ ತುಂಡಿಡು. ಹೊಲದ ಮೇಲ್ಭಾಗದ ಹತ್ತು ಸೆಂಟಿಮೀಟರ್ ಮಣ್ಣನ್ನು ಕೆದಕದೆ ತೆಗೆದು, ಮೇಲುಭಾಗ ಕೆಳಗಾಗುವಂತೆ ಅದರ ಮೇಲಿಡು. ಎರೆಭೂಮಿಯ ಹೆಂಟೆಯಾದರೆ ಕುಟ್ಟಬೇಡ, ಕೈಯಲ್ಲಿ ಮೆಲ್ಲಗೆ ಬಿಡಿಸು. ಮೇಲೆ ಹಳೆಯ ಕಾಲದ ಬಿಸಿಯಾಗುವ ಬಲ್ಬು. ಎಲ್‌ಇಡಿಗೆ ಆ ಶಾಖ ಸಾಲದು. ಮಣ್ಣು ಮೇಲಿನಿಂದ ಒಣಗುತ್ತಾ ಬಂದಂತೆ ಹುಳುಗಳು ತೇವ, ಕತ್ತಲೆ ಹುಡುಕಿ ಕೆಳಗಿಳಿದು ತಳಕ್ಕೆ ಬೀಳುತ್ತವೆ. ತಳದಲ್ಲಿ ಒದ್ದೆ ಕಾಗದವಿಟ್ಟರೆ ಬದುಕಿರುವಾಗಲೇ ನೋಡಿ ಬಿಟ್ಟುಬಿಡಬಹುದು. ನಾಲ್ಕೈದು ದಿನ ಕಾಯಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿದರೆ ಇನ್ನೂ ಚೆನ್ನ.

ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷೆ ಮಾಡಿ ಹೊಲ ಸತ್ತಿದೆ ಎನ್ನಬೇಡ. ಆಗ ಅವು ಆಳಕ್ಕಿಳಿದಿರುತ್ತವೆ, ಇಲ್ಲವೇ ಮೊಟ್ಟೆಯಾಗಿರುತ್ತವೆ. ಹದ ಮಳೆ ಬಿದ್ದು ಕೆಲವು ವಾರ ಕಳೆಯಲಿ. ಒಂದೇ ದಿನ ಮೂರು ಕಡೆಯ ಮಣ್ಣು ತೆಗೆ: ಹೊಲದ ನಡು, ಉಳುಮೆ ಕಾಣದ ಬದು, ಹೊಂಗೆ ಮರದಡಿ. ಪಕ್ಕದೂರಿನ ಕಪ್ಪು ಮಣ್ಣಿಗೆ ನಿನ್ನ ಕೆಂಪು ಮಣ್ಣನ್ನು ಹೋಲಿಸಬೇಡ. ನಿನ್ನ ಬದುವೇ ನಿನ್ನ ಹೊಲಕ್ಕೆ ಅಳತೆ. ಬದುವಿನಲ್ಲಿ ಇದ್ದು ಹೊಲದಲ್ಲಿ ಇಲ್ಲದ ಬಗೆಗಳೆಷ್ಟೋ, ಹೊಲ ಕಳೆದುಕೊಂಡದ್ದು ಅಷ್ಟು.

ಕಳೆದದ್ದು ಮರಳಿಸಲು ಹೊಸ ವಿದ್ಯೆಯೇನೂ ಬೇಡ. ಉತ್ತರ ಕನ್ನಡದ ಅಡಿಕೆ ತೋಟಿಗರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು ತಂದು ತೋಟಕ್ಕೆ ಹೊದಿಸುತ್ತಾ ಬಂದದ್ದು ಈ ಕುಲಕ್ಕೂ ಅನ್ನವಿಟ್ಟಂತೆಯೇ. ಬಯಲುಸೀಮೆಯಲ್ಲಿ ಗ್ಲಿರಿಸಿಡಿಯಾ, ಹೊಂಗೆ ಸೊಪ್ಪು, ಬೆಳೆಯ ಕೂಳೆ ಇವೆ. ಕಬ್ಬಿನ ತರಗಿಗೆ ಬೆಂಕಿ ಇಡಬೇಡ. ಮೇಲ್ಪದರದ ಜೀವಿಗಳಿಗೆ ಅನ್ನವೂ ಅದೇ, ನೆರಳೂ ಅದೇ. ರೋಟವೇಟರನ್ನು ಪ್ರತಿ ಬಿತ್ತನೆಗೂ ಓಡಿಸಲೇಬೇಕೇ ಎಂದು ಪ್ರತಿಸಲವೂ ಕೇಳಿಕೋ. ಮಣ್ಣಿಗೆ ಬೀಳುವ ಹರಳು ಕೀಟನಾಶಕ ಒಳ್ಳೆಯವರನ್ನು ಬಿಟ್ಟು ಕೆಟ್ಟವರನ್ನಷ್ಟೇ ಹುಡುಕುವುದಿಲ್ಲ. ಹಿಂದೆ ಊರೂರಲ್ಲಿ ಚೆಲ್ಲುತ್ತಿದ್ದ ಫೋರೇಟನ್ನು 2020ರ ಕೊನೆಗೆ ದೇಶದಲ್ಲೇ ನಿಲ್ಲಿಸಲಾಯಿತು. ಯಾರಾದರೂ ಹಳೆಯ ಚೀಲ ಕೊಟ್ಟರೆ ಮುಟ್ಟಬೇಡ.

ಮಣ್ಣಿನಲ್ಲಿರುವುದೆಲ್ಲ ಮಿತ್ರರೆಂದೂ ತಿಳಿಯಬೇಡ. ಸಿಂಫೈಲಾ ಎಂಬ ಬಿಳಿ ಬಹುಕಾಲಿ ಹೆಚ್ಚಾದರೆ ಎಳೆಬೇರು ಕಡಿಯುತ್ತದೆ. ಅಣಬೆ ಮನೆಗೆ ಸ್ಪ್ರಿಂಗ್‌ಟೇಲ್ ನುಗ್ಗಿದರೆ ಅಲ್ಲಿ ಅದೇ ಪೀಡೆ. ಆದರೂ ಬಗೆಗಳು ಹಲವಿದ್ದ ಕಡೆ ಒಬ್ಬನ ದರ್ಬಾರು ನಡೆಯುವುದು ಕಷ್ಟ.

ಇನ್ನೊಂದು ಮಾತು. ಹುಳು ಕೊಂಡು ತಂದು ಹೊಲಕ್ಕೆ ಬಿಡಲು ಹೋಗಬೇಡ. ಗೊಬ್ಬರದ ತೊಟ್ಟಿಗೆಂದು ಮಾರುವ ಐಸೀನಿಯಾ, ಯೂಡ್ರಿಲಸ್ ಎರೆಹುಳುಗಳು ಕೊಳೆತ ಕಸದಲ್ಲಿ ಬಾಳುವವು, ಉತ್ತ ಹೊಲ ಅವುಗಳ ಜಾಗವಲ್ಲ. ಸಣ್ಣ ಕುಲದವನ್ನಂತೂ ಕೊಳ್ಳುವ ಪ್ರಶ್ನೆಯೇ ಇಲ್ಲ. ಹೊದಿಕೆ, ತೇವ, ತೆರಪು ಸಿಕ್ಕರೆ ತಾವೇ ಬರುತ್ತವೆ. ಆದರೆ ಎಲ್ಲಿಂದಲಾದರೂ ಬರಬೇಕಲ್ಲ? ಬದುವಿನಿಂದ ಬರುತ್ತವೆ. ಎರಡು ಸಾಲು ಹೆಚ್ಚು ಬಿತ್ತಬಹುದೆಂದು ಬದು ಕಡಿದು ಹೊಲಕ್ಕೆ ಸೇರಿಸುವವರ ಮಾತು ಕೇಳಬೇಡ. ಬದುವಿಗೆ ಕಳೆನಾಶಕ ಹೊಡೆಯಬೇಡ, ಬೇಸಿಗೆಯಲ್ಲಿ ಸುಡಬೇಡ. ಆ ಎರಡು ಸಾಲಿನ ಫಸಲಿಗಿಂತ ನಿನ್ನ ಹೊಲಕ್ಕೆ ಬೇಕಾದ ಬೀಜ ಆ ಬದುವಿನಲ್ಲಿದೆ.