ವಿಶ್ವಕಿರಣ ದೂರದರ್ಶಕಕ್ಕೆ ಲೇಸರ್ ಒರೆಗಲ್ಲು

ಅದಮಾರು ಎಂಬ ಊರಿನಲ್ಲಿ 1932ರ ಮಾರ್ಚ್ 10ರಂದು ಹುಟ್ಟಿದ ಯು. ಆರ್. ರಾವ್ ಎಂದರೆ ಪರೀಕ್ಷೆ ಬರೆಯುವ ಅಭ್ಯರ್ಥಿಗಳಿಗೆ ಆರ್ಯಭಟ ಉಪಗ್ರಹ (1975) ಮಾತ್ರ ನೆನಪಾಗುತ್ತದೆ. ಆದರೆ ಅವರು ವೃತ್ತಿ ಆರಂಭಿಸಿದ್ದು ವಿಕ್ರಂ ಸಾರಾಭಾಯಿ ಅವರ ಬಳಿ, ವಿಶ್ವಕಿರಣ ವಿಜ್ಞಾನಿಯಾಗಿ.

ಬಾಹ್ಯಾಕಾಶದಿಂದ ಬರುವ ಕಣಗಳಾದ ವಿಶ್ವಕಿರಣಗಳನ್ನು 1912ರಲ್ಲಿ ಬಲೂನು ಏರಿ ಪತ್ತೆ ಮಾಡಿದವರು ವಿಕ್ಟರ್ ಹೆಸ್ (ನೊಬೆಲ್ 1936). ಇಂಥ ಭಾರೀ ಶಕ್ತಿಯ ಕಣ ವಾತಾವರಣಕ್ಕೆ ಬಡಿದಾಗ ಕಣಗಳ ಸುರಿಮಳೆಯೇ ಆಗುತ್ತದೆ. ಅದು ತಾಗಿದ ಸಾರಜನಕ ಮಂದವಾದ ನೇರಳಾತೀತ ಬೆಳಕು ಸೂಸುತ್ತದೆ. ಅರ್ಜೆಂಟೀನಾದ ಪಿಯರ್ ಆಗರ್ ವೀಕ್ಷಣಾಲಯದ (ಸುಮಾರು 3,000 ಚದರ ಕಿ.ಮೀ.) ದೂರದರ್ಶಕಗಳು ಹಿಡಿಯುವುದು ಈ ಬೆಳಕನ್ನೇ.

ಬಂದ ಕಣದ ಶಕ್ತಿ ಎಷ್ಟೆಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾದರೆ ಉಪಕರಣದ ಅಳತೆ ಸರಿಯೇ ಎಂದು ನೋಡುವುದು ಹೇಗೆ? ವೀಕ್ಷಣಾಲಯದ ಬಯಲಿನ ನಡುವಿನಿಂದ 355 ನ್ಯಾನೊಮೀಟರ್ ತರಂಗಾಂತರದ ಲೇಸರನ್ನು ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ವೀಕ್ಷಣೆಯ ರಾತ್ರಿಗಳಲ್ಲಿ ಪ್ರತಿ 15 ನಿಮಿಷಕ್ಕೆ 50 ಮಿಡಿತ. ಪ್ರತಿ ಮಿಡಿತದ ಶಕ್ತಿ, ದಿಕ್ಕು, ಸಮಯ ಎಲ್ಲವೂ ತಿಳಿದಿರುತ್ತವೆ. ಆಟಿ ತಿಂಗಳ ಮಳೆಯಲ್ಲಿ ಟಾರ್ಚ್ ಬಿಟ್ಟರೆ ಪಕ್ಕದಲ್ಲಿ ನಿಂತವನಿಗೂ ಬೆಳಕಿನ ಕೋಲು ಕಾಣುತ್ತದಲ್ಲ, ಹಾಗೆಯೇ ಗಾಳಿಯಲ್ಲಿ ಚದುರಿದ ಲೇಸರ್ ಬೆಳಕು ದೂರದರ್ಶಕಕ್ಕೆ ಕಾಣುತ್ತದೆ. ನಿರೀಕ್ಷೆಗಿಂತ ಮಂಕಾಗಿದ್ದರೆ ನಡುವೆ ಧೂಳೋ ಮಂಜೋ ಇರಬಹುದು, ಇಲ್ಲವೇ ಉಪಕರಣವೇ ತಪ್ಪುತ್ತಿರಬಹುದು.

ಹಲವರು ಎಡವುವ ಜಾಗ: ಲೇಸರ್ ವಿಶ್ವಕಿರಣವನ್ನು ಹಿಡಿಯುವುದಿಲ್ಲ, ಹಿಡಿಯುವ ಉಪಕರಣವನ್ನು ಪರೀಕ್ಷಿಸುತ್ತದೆ.