ಮಲೆನಾಡಿನ ಮನೆಯೂಟಕ್ಕೆ ವೈನ್: ಆಯ್ಕೆಯ ಕ್ರಮ, ಲೆಕ್ಕದ ಕ್ರಮ

ಮಾಚೇನಹಳ್ಳಿಯ ಎರಕದ ಘಟಕಗಳಿಗೂ ಭದ್ರಾವತಿಯ ಯಂತ್ರಭಾಗ ತಯಾರಕರಲ್ಲಿಗೂ ಹೊರರಾಜ್ಯ, ಹೊರದೇಶಗಳ ಖರೀದಿದಾರರು ಬರುವುದುಂಟು. ದಿನವಿಡೀ ಕಾರ್ಖಾನೆ ನೋಡಿದ ಅತಿಥಿಯನ್ನು ರಾತ್ರಿ ಮನೆಯೂಟಕ್ಕೆ ಕರೆಯುವುದು ಮಲೆನಾಡಿನ ರೂಢಿ. ಊಟದೊಡನೆ ವೈನ್ ಸೇವಿಸುವ ಅಭ್ಯಾಸ ಅತಿಥಿಗಿದ್ದಲ್ಲಿ ಉದ್ಯಮಿಯ ಮುಂದೆ ಎರಡು ಪ್ರಶ್ನೆಗಳು ಏಳುತ್ತವೆ: ಯಾವ ಅಡುಗೆಗೆ ಯಾವ ವೈನ್? ಆ ವೆಚ್ಚ ಯಾವ ಖಾತೆಗೆ? ಮೊದಲನೆಯದರಲ್ಲಿ ತಪ್ಪಿದರೆ ಊಟ ಕೆಡುತ್ತದೆ. ಎರಡನೆಯದರಲ್ಲಿ ತಪ್ಪಿದರೆ ತೆರಿಗೆ ಅಧಿಕಾರಿಯ ಮುಂದೆ ಉತ್ತರ ಹೇಳಬೇಕಾಗುತ್ತದೆ.

ವೈನ್ ಕರ್ನಾಟಕಕ್ಕೆ ಹೊರಗಿನ ಸರಕಲ್ಲ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ದ್ರಾಕ್ಷಿತೋಟ 1988ರಲ್ಲಿ ಆರಂಭವಾಯಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿಯನ್ನು ಪ್ರಕಟಿಸಿತು. ಆದ್ದರಿಂದ ದುಬಾರಿ ಆಮದು ಬಾಟಲಿಯನ್ನೇ ಹುಡುಕಬೇಕಾಗಿಲ್ಲ.

1. ರುಚಿಯ ಹೊಂದಾಣಿಕೆ

ಕೆಂಪು ವೈನ್‌ನಲ್ಲಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಇಳಿದ ಟ್ಯಾನಿನ್ ಎಂಬ ಒಗರು ಅಂಶವಿರುತ್ತದೆ. ಅಡಿಕೆಯ ಚೊಗರನ್ನು ಬಲ್ಲ ಶಿವಮೊಗ್ಗದ ವರ್ತಕರಿಗೆ ಈ ಒಗರನ್ನು ವಿವರಿಸಬೇಕಾಗಿಲ್ಲ. ಒಗರೂ ಹೆಚ್ಚಿನ ಮದ್ಯಸಾರವೂ ಮೆಣಸಿನ ಖಾರವನ್ನು ಇನ್ನಷ್ಟು ಕೆರಳಿಸುತ್ತವೆ. ಅಲ್ಪ ಸಿಹಿ ಅದನ್ನು ತಣಿಸುತ್ತದೆ. ಹುಳಿ ಪದಾರ್ಥದ ಎದುರು ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ. ಈ ತತ್ತ್ವಗಳಿಂದ ಕೆಳಗಿನ ಆಯ್ಕೆ ಹೊರಡುತ್ತದೆ.

ಅ) ಖಾರದ ಕೋಳಿ ಸಾರು, ಕಡುಬು: ತುಸು ಸಿಹಿಯುಳ್ಳ ಶೆನಿನ್ ಬ್ಲಾಂಕ್ ಬಿಳಿ ವೈನ್ ಅಥವಾ ರೋಸೆ. ಘಾಟಾದ ಕ್ಯಾಬರ್ನೆ ಇಲ್ಲಿ ಸಲ್ಲದು.

ಆ) ಹುಳಿ ಹಾಕಿದ ಮೀನು ಸಾರು, ಅಪ್ಪೆಹುಳಿ: ಹುಳಿಯ ಗುಣ ಹೆಚ್ಚಿರುವ ಸೊವಿನ್ಯೊ ಬ್ಲಾಂಕ್. ಕೆಂಪು ವೈನ್‌ನೊಡನೆ ಮೀನು ಬಾಯಲ್ಲಿ ಲೋಹದ ರುಚಿ ತರಬಹುದು.

ಇ) ಪತ್ರೊಡೆ, ಹಲಸಿನ ಹಪ್ಪಳದಂತಹ ಕರಿದ ಮತ್ತು ಹುರಿದ ತಿನಿಸು: ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್, ಅದರ ಹುಳಿ ಎಣ್ಣೆಯ ಜಿಡ್ಡನ್ನು ಕಳೆಯುತ್ತದೆ.

ಈ) ಖಾರ ಮಿತವಾಗಿರುವ ಕುರಿ ಮಾಂಸದ ಹುರುಕಲು: ಶಿರಾಜ್ ಕೆಂಪು ವೈನ್; ಮಾಂಸದ ಕೊಬ್ಬು ಒಗರನ್ನು ಮೆದುಗೊಳಿಸುತ್ತದೆ.

ಉ) ಹೋಳಿಗೆ, ಪಾಯಸ: ವೈನ್ ತಿನಿಸಿಗಿಂತ ಸಿಹಿಯಾಗಿರಬೇಕು, ಇಲ್ಲವಾದರೆ ಹುಳಿಯೆನಿಸುತ್ತದೆ. ಅಂತಹುದು ದೊರೆಯದಿದ್ದಲ್ಲಿ ವೈನ್ ನಿಲ್ಲಿಸಿ ಕಾಫಿ ಕೊಡುವುದೇ ಲೇಸು.

ಬಿಳಿ ವೈನ್ 8ರಿಂದ 12, ಕೆಂಪು ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ನಮ್ಮ ಬೇಸಿಗೆಯಲ್ಲಿ ಕೋಣೆಯ ಉಷ್ಣಾಂಶ ಇದಕ್ಕಿಂತ ಬಹಳ ಹೆಚ್ಚಿರುವುದರಿಂದ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಅಗತ್ಯ.

2. ಪ್ರಮಾಣದ ಲೆಕ್ಕ

ಬಾಟಲಿ 750 ಮಿಲಿ ಲೀಟರ್, ಲೋಟ 150. ಅಂದರೆ ಬಾಟಲಿಗೆ ಐದು ಲೋಟ. ಊಟಕ್ಕೆ ಕುಳಿತ ಆರು ಮಂದಿಯಲ್ಲಿ ನಾಲ್ವರು ತಲಾ ಎರಡು ಲೋಟ ಸೇವಿಸುವರೆಂದರೆ ಎಂಟು ಲೋಟ. ಎರಡು ಬಾಟಲಿ ಸಾಕು. ಸೇವಿಸದವರಿಗೆ ಮುರುಗಲು ಪಾನಕ ಸಿದ್ಧವಿರಲಿ; ಯಾರನ್ನೂ ಒತ್ತಾಯಿಸುವುದು ಆತಿಥ್ಯವಲ್ಲ. ರಕ್ತದ ಪ್ರತಿ 100 ಮಿಲಿ ಲೀಟರ್‌ಗೆ 30 ಮಿಲಿಗ್ರಾಂ ಮೀರಿದ ಮದ್ಯಸಾರ ಇದ್ದು ವಾಹನ ನಡೆಸುವುದು ಅಪರಾಧವಾದ್ದರಿಂದ ಅತಿಥಿಗೆ ಚಾಲಕನನ್ನು ಒದಗಿಸುವುದು ಕ್ಷೇಮ.

3. ಖಾತೆಯಲ್ಲಿ ದಾಖಲೆ

ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಇಂತಹ ಬಿಲ್ಲನ್ನು ‘ಕ್ಯಾಂಟೀನ್ ವೆಚ್ಚ’ ಅಥವಾ ‘ಇತರೆ ವೆಚ್ಚ’ದಲ್ಲಿ ಅಡಗಿಸುವುದು. ಸಂಪೂರ್ಣವಾಗಿ ವ್ಯವಹಾರಕ್ಕೆಂದೇ ಮಾಡಿದ ವೆಚ್ಚಕ್ಕೆ ಮಾತ್ರ ಆದಾಯ ತೆರಿಗೆಯಲ್ಲಿ ಕಡಿತ ಸಲ್ಲುತ್ತದೆ. ಸ್ವಂತ ವೆಚ್ಚಕ್ಕೆ ಸಲ್ಲದು. 2005ರಿಂದ 2009ರವರೆಗೆ ಇದ್ದ ಫ್ರಿಂಜ್ ಬೆನಿಫಿಟ್ ತೆರಿಗೆ ಈಗಿಲ್ಲ. ಆದರೆ ವ್ಯವಹಾರದ ಉದ್ದೇಶವನ್ನು ತೋರಿಸಿಕೊಡುವ ಹೊಣೆ ಉದ್ಯಮಿಯ ಮೇಲೆಯೇ ಇದೆ.

ಉದಾಹರಣೆಗೆ, ವೈನ್‌ಗೆ 1,800 ರೂ. ಮತ್ತು ಹೊರಗಿನಿಂದ ತರಿಸಿದ ಅಡುಗೆಗೆ 4,200 ರೂ., ಒಟ್ಟು 6,000 ರೂ. ವೆಚ್ಚವಾಯಿತೆನ್ನೋಣ. ಆರು ಮಂದಿಯಲ್ಲಿ ಮೂವರು ಖರೀದಿದಾರರ ಕಡೆಯವರು, ಮೂವರು ಮನೆಯವರು. 3,000 ರೂ. ವ್ಯಾಪಾರ ವೃದ್ಧಿ ವೆಚ್ಚಕ್ಕೂ, ಉಳಿದ 3,000 ರೂ. ಮಾಲೀಕನ ಸ್ವಂತ ಖಾತೆಗೂ ಹೋಗುವುದು ಎಚ್ಚರಿಕೆಯ ಕ್ರಮ. ವೋಚರಿನಲ್ಲಿ ದಿನಾಂಕ, ಅತಿಥಿಗಳ ಹೆಸರು, ಅವರ ಸಂಸ್ಥೆ, ಭೇಟಿಯ ಉದ್ದೇಶ ಬರೆದು ಬಿಲ್ಲುಗಳನ್ನು ಲಗತ್ತಿಸಬೇಕು.

ಮಾನವ ಸೇವನೆಯ ಮದ್ಯ ಜಿಎಸ್‌ಟಿ ವ್ಯಾಪ್ತಿಯಿಂದ ಹೊರಗಿರುವುದರಿಂದ ವೈನ್ ಬಿಲ್ಲಿನ ಮೇಲೆ ಇನ್‌ಪುಟ್ ಕ್ರೆಡಿಟ್ ಎಂಬುದೇ ಇಲ್ಲ. ಅಡುಗೆಯ ಬಿಲ್ಲಿನಲ್ಲಿ ಜಿಎಸ್‌ಟಿ ಇದ್ದರೂ ಕಾಯಿದೆಯ 17(5)ನೆಯ ಕಲಮು ಇಂತಹ ಸಂದರ್ಭದಲ್ಲಿ ಆ ಕ್ರೆಡಿಟ್ಟನ್ನು ತಡೆಹಿಡಿದಿದೆ. ತಪ್ಪಾಗಿ ಪಡೆದು ಬಳಸಿಕೊಂಡಲ್ಲಿ ಶೇ. 18ರ ಬಡ್ಡಿಯೊಡನೆ ಹಿಂದಿರುಗಿಸಬೇಕು.

4. ದಾಟಬಾರದ ಗೆರೆ

ಮನೆಯ ಅತಿಥಿಗೆ ವೈನ್ ನೀಡುವುದು ಬೇರೆ, ಹಣ ಪಡೆದು ನೀಡುವುದು ಬೇರೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹೋಂಸ್ಟೇ ನಡೆಸುವವರು ಊಟದ ದರದಲ್ಲೇ ಸೇರಿಸಿ ವೈನ್ ಕೊಟ್ಟರೂ ಅದು ಮಾರಾಟವೆನಿಸುತ್ತದೆ. ಕರ್ನಾಟಕ ಅಬಕಾರಿ ಕಾಯಿದೆ, 1965ರಂತೆ ಪರವಾನಗಿ ಇಲ್ಲದೆ ಮಾರುವುದು ಅಪರಾಧ. ನೇರಳೆ, ನೆಲ್ಲಿಯ ವೈನನ್ನು ಮನೆಯಲ್ಲಿ ತಯಾರಿಸಿ ಮಾರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಒಟ್ಟಿನಲ್ಲಿ, ಅತಿಥಿಯನ್ನು ಗೆಲ್ಲುವುದು ಮನೆಯ ಅಡುಗೆಯೇ. ವೈನ್ ಅದಕ್ಕೆ ಜೊತೆ ಮಾತ್ರ. ಅಡುಗೆಯ ಖಾರ ಮತ್ತು ಹುಳಿ ನೋಡಿ ಬಾಟಲಿ ಆರಿಸಿ, ಮರುದಿನ ಬೆಳಿಗ್ಗೆಯೇ ವೋಚರು ಬರೆದಿಟ್ಟ ಉದ್ಯಮಿಗೆ ಊಟದ ಮೇಜಿನಲ್ಲೂ ಲೆಕ್ಕಪರಿಶೋಧನೆಯ ಮೇಜಿನಲ್ಲೂ ಅಳುಕಿಲ್ಲ.